ಎರಡು ಸ್ಟಾಪಿನ ನಡುವಿನ ಲಂಡನ್

ಊರಿಂದ ಅಪ್ಪ-ಅಮ್ಮ ಬರೋ ಟಿಕೆಟ್ ಬುಕ್ ಆದ ದಿನವೇ ನಿಮ್ಮ ಫೋನಿನಲ್ಲಿ ಒಂದು ಪಟ್ಟಿ ಬೆಳೆಯೋಕೆ ಶುರುವಾಗುತ್ತೆ, ಅಲ್ವಾ? ಬಿಗ್ ಬೆನ್, ಟವರ್ ಬ್ರಿಡ್ಜ್, ಬಕಿಂಗ್‌ಹ್ಯಾಮ್ ಅರಮನೆ, ಲಂಡನ್ ಐ, ಸೇಂಟ್ ಪಾಲ್ಸ್... ಪಟ್ಟಿ ಇಪ್ಪತ್ತು ದಾಟಿದ ಮೇಲೆ ನೆನಪಾಗುತ್ತೆ, ಅಮ್ಮನಿಗೆ ಮೊಣಕಾಲು ನೋವು. ಅಪ್ಪನಿಗೆ ನೆಲದಡಿಯ ರೈಲು, ಆ ಮೆಟ್ಟಿಲು, ಆ ಓಟ ಯಾವುದೂ ಆಗಿಬರಲ್ಲ. ಆಗ ಕಣ್ಣಿಗೆ ಬೀಳೋದು ಮೇಲೆ ಚಾವಣಿ ಇಲ್ಲದ ಆ ಡಬಲ್ ಡೆಕರ್. ಒಂದು ಟಿಕೆಟ್ ತಗೊಂಡು ಎಲ್ಲಿ ಬೇಕಾದ್ರೂ ಹತ್ತಿ, ಎಲ್ಲಿ ಬೇಕಾದ್ರೂ ಇಳಿಯೋ ಹಾಪ್-ಆನ್ ಹಾಪ್-ಆಫ್ ಬಸ್ಸು.

ಇಲ್ಲೇ ಇರೋ ಸ್ನೇಹಿತರನ್ನ ಕೇಳಿದ್ರೆ ನಗ್ತಾರೆ. "ಅದೆಲ್ಲ ಟೂರಿಸ್ಟ್‌ಗಳಿಗೆ, ದುಡ್ಡು ದಂಡ" ಅಂತಾರೆ. ನಾನು ಎಂ.ಎಸ್ಸಿ. ಓದೋಕೆ ಬಂದು, ಇಲ್ಲೇ ಡೇಟಾ ಸೈಂಟಿಸ್ಟ್ ಕೆಲಸ ಹಿಡಿದು, ಅಪ್ಪ-ಅಮ್ಮ ಬರೋ ತನಕ ಆ ಬಸ್ಸನ್ನ ಒಂದು ದಿನವೂ ಹತ್ತಿರಲಿಲ್ಲ. ಈಗ ಹತ್ತಿ ಇಳಿದ ಮೇಲೆ ನಿಮಗೆ ಹೇಳೋದು ಇಷ್ಟು: ಅದು ದುಡ್ಡು ದಂಡವಲ್ಲ, ಆದ್ರೆ ಅದರ ಕೈಲಿ ಏನಾಗುತ್ತೆ, ಏನಾಗಲ್ಲ ಅಂತ ತಿಳಿದು ಹತ್ತಬೇಕು. ನಮ್ಮ ಕೆಲಸದಲ್ಲಿ ಹೊಸ ಡೇಟಾ ಕೈಗೆ ಬಂದಾಗ ಮೊದಲು ಮೇಲಿಂದ ಮೇಲೆ ಒಂದು ಸಲ ನೋಡ್ತೀವಿ. ಯಾವುದು ಎಲ್ಲಿದೆ, ಎಷ್ಟಿದೆ ಅಂತ. ಆ ನೋಟದಿಂದ ಉತ್ತರ ಸಿಗಲ್ಲ, ಮುಂದೆ ಯಾವ ಪ್ರಶ್ನೆ ಕೇಳಬೇಕು ಅನ್ನೋದು ಸಿಗುತ್ತೆ. ಈ ಬಸ್ಸಿನ ಕೆಲಸವೂ ಅಷ್ಟೇ.

ಇದನ್ನ ನನಗಿಂತ ಚೆನ್ನಾಗಿ ಅರ್ಥ ಮಾಡ್ಕೊಂಡವರು ನಮ್ಮಪ್ಪ. ಅವರು ಕೆಎಸ್ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ಸೇರಿ, ಆಮೇಲೆ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿ ರಿಟೈರ್ ಆದವರು. ಬಸ್ಸು ಯಾವ ಹೊತ್ತಿಗೆ ಬಂತು, ಯಾವ ಹೊತ್ತಿಗೆ ಬಿಟ್ಟಿತು ಅಂತ ಬರೆಯೋದೇ ಅವರ ಬದುಕು. ಲಂಡನ್ನಿಗೆ ಬಂದ ಮೊದಲ ವಾರ ಅವರು ಮಂಕಾಗಿದ್ರು. ಎಲ್ಲಿ ಹೋದ್ರೂ ನಾನು ಮುಂದೆ, ಅವರು ಹಿಂದೆ. ಕಾರ್ಡ್ ಮುಟ್ಟಿಸೋದು ನಾನು, ಮಾತಾಡೋದು ನಾನು. ನಲವತ್ತು ವರ್ಷ ಊರಿಗೆಲ್ಲ ದಾರಿ ಹೇಳಿದ ಮನುಷ್ಯ ಇಲ್ಲಿ ಮಗಳ ಬೆನ್ನು ನೋಡ್ಕೊಂಡು ನಡೀಬೇಕು. ನಿಮ್ಮ ಮನೆಗೆ ಬಂದ ಹಿರಿಯರಲ್ಲೂ ಈ ಮಂಕು ಕಂಡಿರಬಹುದು. ನಾವು ಅದನ್ನ ಜೆಟ್ ಲ್ಯಾಗ್ ಅಂದುಕೊಂಡು ಬಿಡ್ತೀವಿ.

ಮೇ ತಿಂಗಳ ಒಂದು ಬೆಳಿಗ್ಗೆ ಟ್ರಫಾಲ್ಗರ್ ಸ್ಕ್ವೇರ್ ಹತ್ತಿರ ಆ ಬಸ್ ಹತ್ತಿ, ಮೇಲಿನ ಮುಂದಿನ ಸೀಟಲ್ಲಿ ಕೂತಿದ್ದೇ ತಡ, ಅಪ್ಪ ಬದಲಾದ್ರು. ವಾಚ್ ನೋಡಿದ್ರು. ಎದುರು ಬಂದ ಬಸ್ಸುಗಳನ್ನ ಎಣಿಸಿದ್ರು. "20 ನಿಮಿಷಕ್ಕೊಂದು ಅಂತ ಬೋರ್ಡಲ್ಲಿದೆ. ಈಗ ನೋಡು ಪುಟ್ಟಿ, ಎರಡು ಜೊತೆಗೆ ಬರ್ತಿವೆ. ಹಿಂದಿಂದು ಖಾಲಿ. ಮುಂದಿನ ಸ್ಟಾಪಲ್ಲಿ ಜನ ಶಾಪ ಹಾಕ್ತಿರ್ತಾರೆ" ಅಂದ್ರು.

ಅವರು ಹೇಳಿದ್ದರ ಹಿಂದೆ ಒಂದು ಲೆಕ್ಕ ಇದೆ. ಬಸ್ಸು 20 ನಿಮಿಷಕ್ಕೊಂದು ಸರಿಯಾಗಿ ಬಂದ್ರೆ, ನೀವು ಯಾವಾಗ ಹೋಗಿ ನಿಂತರೂ ಸರಾಸರಿ 10 ನಿಮಿಷ ಕಾಯ್ತೀರಿ. ಅದೇ ಬಸ್ಸುಗಳು ಟ್ರಾಫಿಕ್‌ನಲ್ಲಿ ಸಿಕ್ಕಿ, ಎರಡೆರಡು ಒಟ್ಟಿಗೆ 40 ನಿಮಿಷಕ್ಕೊಮ್ಮೆ ಬಂದ್ರೆ? ಗಂಟೆಗೆ ಬರೋ ಬಸ್ಸು ಅಷ್ಟೇ, ಆದ್ರೆ ನೀವು ಕಾಯೋದು ಸರಾಸರಿ 20 ನಿಮಿಷ. ಯಾಕಂದ್ರೆ ನೀವು ಸ್ಟಾಪಿಗೆ ಬರೋದು ಆ ಉದ್ದದ ಖಾಲಿ ಹೊತ್ತಿನಲ್ಲೇ. ತಡವಾದ ಬಸ್ಸಿಗೆ ಹೆಚ್ಚು ಜನ ಕಾದಿರ್ತಾರೆ, ಅವರೆಲ್ಲ ಹತ್ತೋ ಹೊತ್ತಿಗೆ ಅದು ಇನ್ನೂ ತಡ ಆಗುತ್ತೆ, ಹಿಂದಿನದು ಬಂದು ಅಂಟಿಕೊಳ್ಳುತ್ತೆ. ನಾನು ಇದನ್ನ ಕ್ಲಾಸಿನಲ್ಲಿ ಸೂತ್ರ ಬರೆದು ಕಲಿತಿದ್ದೆ. ಅಪ್ಪ ತಿಪಟೂರಿನ ಪ್ಲಾಟ್‌ಫಾರ್ಮಿನಲ್ಲಿ ಬೈಸಿಕೊಂಡು ಕಲಿತಿದ್ರು.

ಈ ಲೆಕ್ಕದಿಂದ ನಿಮ್ಮ ದಿನವನ್ನ ಹೀಗೆ ಹಾಕಿಕೊಳ್ಳಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದು ಅಂದ್ರೆ 7 ಗಂಟೆ. ಪೂರ್ತಿ ಒಂದು ಸುತ್ತಿಗೆ ಸುಮಾರು ಎರಡು ಕಾಲು ಗಂಟೆ. ಪ್ರತಿ ಸಲ ಇಳಿದಾಗ ಕಾಯೋದು, ಸ್ಟಾಪಿಗೆ ನಡೆದು ಬರೋದು ಸೇರಿ ಅರ್ಧ ಗಂಟೆ ಹೋಗುತ್ತೆ. ನೋಡೋಕೆ ಒಂದು ಗಂಟೆ ಇಟ್ಟುಕೊಂಡ್ರೂ, ಮೂರು ಕಡೆ ಇಳಿದರೆ ದಿನ ಮುಗೀತು. ಇಪ್ಪತ್ತು ಜಾಗದ ಪಟ್ಟಿಯಲ್ಲಿ ಮೂರು! ಅದಕ್ಕೇ ನನ್ನ ಸಲಹೆ: ಮೊದಲ ಸುತ್ತಿನಲ್ಲಿ ಎಲ್ಲೂ ಇಳಿಯಬೇಡಿ. ಸುಮ್ಮನೆ ಕೂತು ಪೂರ್ತಿ ಸುತ್ತಿ ಬನ್ನಿ. ಯಾವ ಜಾಗ ಬಂದಾಗ ಅಮ್ಮ ಕುತ್ತಿಗೆ ತಿರುಗಿಸಿ ಹಿಂದೆ ಹಿಂದೆ ನೋಡ್ತಾಳೆ ಅಂತ ಗಮನಿಸಿ. ಇಳಿಯಬೇಕಾದ ಮೂರು ಜಾಗ ಅವೇ.

ಇನ್ನೊಂದೆರಡು ಸಣ್ಣ ಮಾತು. ಟಿಕೆಟ್ "ಒಂದು ದಿನ"ದ್ದೋ "24 ಗಂಟೆ"ಯದ್ದೋ ನೋಡಿ ತಗೊಳ್ಳಿ. 24 ಗಂಟೆಯದ್ದಾದ್ರೆ ಮಧ್ಯಾಹ್ನ ಶುರು ಮಾಡಿ, ಮಾರನೇ ಬೆಳಿಗ್ಗೆ ಉಳಿದದ್ದು ಮುಗಿಸಬಹುದು. ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ಹತ್ತುವಾಗಲೇ ಕೇಳಿಡಿ. ಟವರ್ ಬ್ರಿಡ್ಜ್ ಮೇಲೆ ನದಿ ಗಾಳಿ ಮೇ ತಿಂಗಳಲ್ಲೂ ಕಿವಿ ಕೊರೆಯುತ್ತೆ, ಅಪ್ಪನ ಮಂಕಿ ಕ್ಯಾಪ್ ನೋಡಿ ನಗಬೇಡಿ. ಹಾಗೇ, ಮನೆಯಲ್ಲಿ ನಾಲ್ಕೈದು ಜನ ಇದ್ದು ಖರ್ಚು ಜಾಸ್ತಿ ಅನಿಸಿದ್ರೆ ಊರಿನ ಮಾಮೂಲಿ ಬಸ್ಸನ್ನ ಮರೀಬೇಡಿ. 15ನೇ ನಂಬರ್ ಬಸ್ಸು ಟ್ರಫಾಲ್ಗರ್ ಸ್ಕ್ವೇರ್ ಕಡೆಯಿಂದ ಸೇಂಟ್ ಪಾಲ್ಸ್ ದಾಟಿ ಟವರ್ ಆಫ್ ಲಂಡನ್ ತನಕ ಹೋಗುತ್ತೆ. ನಾನು ಬರೆಯೋ ಹೊತ್ತಿಗೆ ಅದಕ್ಕೆ 1.75 ಪೌಂಡ್, ಒಂದು ಗಂಟೆಯೊಳಗೆ ಬೇರೆ ಬಸ್ಸುಗಳನ್ನ ಹತ್ತಿದ್ರೆ ಮತ್ತೆ ದುಡ್ಡಿಲ್ಲ.

ಇನ್ನು ಆ ಇಯರ್‌ಫೋನ್. ನಾವು ಹತ್ತಿದ ಬಸ್ಸಿನಲ್ಲಿ ಹತ್ತಾರು ಭಾಷೆ ಇತ್ತು, ಕನ್ನಡ ಇರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಇಂಗ್ಲಿಷ್ ಕೇಳಿ, ಕಿವಿಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡ್ಲು. "ನೀನೇ ಹೇಳೇ" ಅಂದ್ಲು. ಹೇಳೋಕೆ ಹೊರಟಾಗ ಗೊತ್ತಾಯ್ತು, ಆ ದನಿ ಹೇಳೋದಕ್ಕೂ ಅಮ್ಮ ಕೇಳೋದಕ್ಕೂ ಸಂಬಂಧವೇ ಇಲ್ಲ. ದನಿ ಹೇಳುತ್ತೆ: 1666ರ ಬೆಂಕಿಯಲ್ಲಿ ಹಳೇ ಸೇಂಟ್ ಪಾಲ್ಸ್ ಸುಟ್ಟು ಹೋಯ್ತು, ಈಗಿರೋದನ್ನ ಕ್ರಿಸ್ಟೋಫರ್ ರೆನ್ ಕಟ್ಟಿದ. ಅಮ್ಮ ಕೇಳ್ತಾಳೆ: "ಸುಟ್ಟು ಹೋದಾಗ ಜನ ಎಲ್ಲಿ ಮಲಗಿದ್ರು?" ದನಿ ಹೇಳುತ್ತೆ: ಟವರ್ ಬ್ರಿಡ್ಜ್ ಶುರುವಾಗಿದ್ದು 1894ರಲ್ಲಿ. ಅಮ್ಮ: "ಇದೇ ತಾನೇ ಬಿದ್ದು ಹೋಗೋ ಲಂಡನ್ ಬ್ರಿಡ್ಜು, ನೀನು ಶಿಶುವಿಹಾರದಲ್ಲಿ ಹಾಡ್ತಿದ್ಯಲ್ಲ?" ಅಲ್ಲಮ್ಮ, ಲಂಡನ್ ಬ್ರಿಡ್ಜ್ ಅಂದ್ರೆ ಪಕ್ಕದ್ದು, ನೋಡೋಕೆ ಏನೂ ಇಲ್ಲದ ಸಾದಾ ಸೇತುವೆ. ಅದಕ್ಕಿಂತ ಹಿಂದಿನದನ್ನ 1968ರಲ್ಲಿ ಅಮೆರಿಕದವನೊಬ್ಬನಿಗೆ ಮಾರಿಬಿಟ್ರು, ಅವನು ಕಲ್ಲು ಕಲ್ಲಾಗಿ ಸಾಗಿಸಿ ಅರಿಜೋನಾದ ಲೇಕ್ ಹವಾಸು ಅನ್ನೋ ಊರಲ್ಲಿ ನಿಲ್ಲಿಸಿದ. ಅಮ್ಮ ಬಹಳ ಹೊತ್ತು ನಕ್ಕಳು. "ಸೇತುವೆನೂ ಮಾರ್ತಾರಾ! ಕೋಹಿನೂರ್ ಮಾತ್ರ ಕೊಡಲ್ಲ."

ಇಲ್ಲೇ ಹುಟ್ಟಿ ಬೆಳೆದು ಕನ್ನಡ ಕಲೀತಿರೋ ನಿಮಗೆ ಈ ಕೆಲಸ ಬಿಟ್ಟುಕೊಡ್ತೀನಿ. ಅಜ್ಜಿ-ತಾತನ ಜೊತೆ ಆ ಬಸ್ಸಲ್ಲಿ ಕೂತಾಗ ನಿಮ್ಮ ಕನ್ನಡ ಅರೆಬರೆ ಆಗಿದ್ರೂ ಪರವಾಗಿಲ್ಲ, ನೀವೇ ಹೇಳಿ. ಸೇತುವೆ, ಬೆಂಕಿ, ರಾಣಿ, ಕಿರೀಟ, ಹೊಳೆ, ಮಾರಿದ್ರು, ಕಟ್ಟಿದ್ರು. ಇಷ್ಟು ಪದ ಸಾಕು, ಅರ್ಧ ಲಂಡನ್ ಹೇಳಬಹುದು. ಉಳಿದದ್ದನ್ನ ಅಜ್ಜಿ ಪ್ರಶ್ನೆ ಕೇಳಿ ಕೇಳಿ ಹೊರಡಿಸ್ತಾರೆ.

ಆದ್ರೆ ಅವತ್ತು ನಮ್ಮ ದಿನದ ಮುಖ್ಯ ಜಾಗ ಬಸ್ಸಿನ ನಕ್ಷೆಯಲ್ಲಿ ಇರಲೇ ಇಲ್ಲ. ಎರಡನೇ ಸುತ್ತಿನಲ್ಲಿ ನಾವು ಲಂಡನ್ ಐ ಹತ್ತಿರ ಇಳಿದ್ವಿ. ಅಲ್ಲಿಂದ ಬಸವಣ್ಣನ ಪ್ರತಿಮೆಗೆ ಹೋಗಬೇಕು ಅನ್ನೋದು ಅಮ್ಮನ ಆಸೆ. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕೆಳಗಿಂದ ತೇಮ್ಸ್ ದಂಡೆ ಹಿಡಿದು ದಕ್ಷಿಣಕ್ಕೆ ಸುಮಾರು ಒಂದು ಕಿಲೋಮೀಟರ್, ಪೂರ್ತಿ ಸಮತಟ್ಟು, ಕೂರೋಕೆ ಬೆಂಚುಗಳಿವೆ. ಮೊಣಕಾಲಿಗೆ ತೊಂದರೆ ಇಲ್ಲ.

ಆ ದಾರಿಯುದ್ದಕ್ಕೂ ಎಡಗಡೆ ಒಂದು ಗೋಡೆ. ಸೇಂಟ್ ಥಾಮಸ್ ಆಸ್ಪತ್ರೆಯ ಮುಂದೆ, ನದಿಯಾಚೆಯ ಪಾರ್ಲಿಮೆಂಟಿಗೆ ಎದುರಾಗಿ, ಸುಮಾರು ಅರ್ಧ ಕಿಲೋಮೀಟರ್ ಉದ್ದ. ಗೋಡೆಯ ತುಂಬ ಕೈಯಲ್ಲಿ ಬರೆದ ಕೆಂಪು ಹೃದಯಗಳು. 2021ರ ಮಾರ್ಚಿನಲ್ಲಿ ಕೋವಿಡ್‌ನಲ್ಲಿ ಮನೆಯವರನ್ನ ಕಳೆದುಕೊಂಡವರೇ ಬಂದು ಬರೆಯೋಕೆ ಶುರು ಮಾಡಿದ್ದು. ಈ ದೇಶದಲ್ಲಿ ಹೋದ ಒಂದು ಜೀವಕ್ಕೆ ಒಂದು ಹೃದಯ. ಹಲವದರಲ್ಲಿ ಹೆಸರಿದೆ, ಒಂದೊಂದು ಸಾಲು ಇದೆ.

ಅಪ್ಪನಿಗೆ ನಾನು ಇಷ್ಟೇ ಹೇಳಿದ್ದು. ಅವರು ನಿಂತುಬಿಟ್ರು. 2021ರ ಮೇ ತಿಂಗಳಲ್ಲಿ ತುಮಕೂರಿನ ಆಸ್ಪತ್ರೆಯಲ್ಲಿ ನಮ್ಮ ಚಿಕ್ಕಪ್ಪ ತೀರಿಕೊಂಡ್ರು. ಮುಖ ನೋಡೋಕೆ ಆಗಲಿಲ್ಲ. ಲಾಕ್‌ಡೌನ್, ಅಪ್ಪ ಮನೆಯಲ್ಲೇ. ಏಪ್ರಿಲ್ 23ರಿಂದಲೇ ಬ್ರಿಟನ್ ಭಾರತವನ್ನ ರೆಡ್ ಲಿಸ್ಟಿಗೆ ಹಾಕಿತ್ತು, ನಾನು ಇಲ್ಲೇ. ನಾವು ಆ ಸಾವಿನ ಬಗ್ಗೆ ಫೋನಿನಲ್ಲಿ ಬಿಟ್ಟು ಎದುರುಬದುರು ಕೂತು ಮಾತಾಡಿದವರೇ ಅಲ್ಲ. ಅಪ್ಪ ಒಂದು ಹೃದಯದ ಮೇಲೆ ಅಂಗೈ ಇಟ್ಟು, ಬಣ್ಣ ಮಾಸಿದೆ ಅಂದ್ರು. ವಾಲಂಟಿಯರ್‌ಗಳು ಬಂದು ಮತ್ತೆ ಮತ್ತೆ ಬಣ್ಣ ತುಂಬ್ತಾರೆ ಅಂದೆ. "ಒಳ್ಳೇದು. ನಮ್ ತಮ್ಮಂಗೆ ಊರಲ್ಲಿ ಒಂದು ಕಲ್ಲೂ ಇಲ್ಲ ನೋಡು" ಅಂದ್ರು. ಅಮ್ಮ ಬೆಂಚಿನ ಮೇಲೆ ಕೂತಳು. ನಾವು ಮೂವರೂ ಅಲ್ಲಿ ಚಿಕ್ಕಪ್ಪನ ವಿಷಯ ಮಾತಾಡಿದ್ವಿ. ಅವರ ಬಜಾಜ್ ಸ್ಕೂಟರು, ಕೊಬ್ಬರಿ ವ್ಯಾಪಾರ, ಸಾಲ ಕೊಟ್ಟು ಕೇಳೋಕೆ ನಾಚಿಕೊಳ್ತಿದ್ದದ್ದು. ಎಷ್ಟು ಹೊತ್ತು ಅಂತ ನಾನು ನೋಡಲಿಲ್ಲ, ಅಪ್ಪನೂ ವಾಚ್ ನೋಡಲಿಲ್ಲ.

ಲ್ಯಾಂಬೆತ್ ಸೇತುವೆ ದಾಟಿ ಸ್ವಲ್ಪ ಮುಂದೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಪಕ್ಕದ ಪುಟ್ಟ ತೋಟದಲ್ಲಿ ಬಸವಣ್ಣ ಇದ್ದಾನೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಕಡೆಯ ನೀರಜ್ ಪಾಟೀಲರು ಮುಂದೆ ನಿಂತು ಮಾಡಿಸಿದ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ರು. ಅಮ್ಮ ಚಪ್ಪಲಿ ಬಿಟ್ಟು ಕೈ ಮುಗಿದು, ಪೀಠದ ಮೇಲಿದ್ದ ಒಣಗಿದ ಎಲೆಗಳನ್ನ ಒಂದೊಂದಾಗಿ ತೆಗೆದ್ಲು. ಅಲ್ಲಿಂದ ನಾವು ಮಾಮೂಲಿ ಕೆಂಪು ಬಸ್ಸು ಹಿಡಿದ್ವಿ. ಯಾವ ನಂಬರ್, ಎಲ್ಲಿ ಬದಲಿಸಬೇಕು ಅಂತ ಸ್ಟಾಪಿನ ನಕ್ಷೆ ಓದಿ ಹೇಳಿದವರು ಅಪ್ಪ. ಅವರು ಮುಂದೆ, ನಾನು ಹಿಂದೆ.

ಇದು ಲಂಡನ್ನಿನ ವಿಷಯ ಮಾತ್ರ ಅಲ್ಲ. ಬರ್ಲಿನ್‌ನಲ್ಲಿದ್ರೆ 100ನೇ ನಂಬರಿನ ಮಾಮೂಲಿ ಸಿಟಿ ಬಸ್ಸೇ ನಿಮಗೆ ಊರಿನ ಮುಖ್ಯ ಜಾಗಗಳನ್ನ ತೋರಿಸುತ್ತೆ, ಗೋಡೆ ಬಿದ್ದ ಮೇಲೆ 1990ರಲ್ಲಿ ಪೂರ್ವ-ಪಶ್ಚಿಮವನ್ನ ಜೋಡಿಸಿದ ಮಾರ್ಗ ಅದು. ಮಕ್ಕಳನ್ನ ಮೊದಲ ಸಲ ಮೈಸೂರಿಗೆ ಕರ್ಕೊಂಡು ಹೋದಾಗ ಅಲ್ಲಿನ ಅಂಬಾರಿ ಡಬಲ್ ಡೆಕರ್ ಹತ್ತಿಸಿ, ದಸರಾ ದೀಪ ನೋಡೋಕೆ ಅದರ ಮೇಲಿನ ಸೀಟಿಗಿಂತ ಒಳ್ಳೇ ಜಾಗ ಇಲ್ಲ. ಎಲ್ಲೇ ಹತ್ತಿ, ಒಂದು ಸುತ್ತು ಪೂರ್ತಿ ಕೂತು ನೋಡಿ. ಆಮೇಲೆ ನಿಮ್ಮ ಜೊತೆ ಬಂದವರಿಗೆ ಬೇಕಾದ ಒಂದು ಜಾಗ ಯಾವುದು ಅಂತ ಕೇಳಿ. ಅದು ಎರಡು ಸ್ಟಾಪಿನ ನಡುವೆ ಇದ್ರೆ ನಕ್ಷೆ ಮಡಚಿಟ್ಟು ಇಳಿದು ನಡೀರಿ. ಟಿಕೆಟ್ ದುಡ್ಡಿನ ಚಿಂತೆ ಬೇಡ, ಹಿಂದೆ ಇನ್ನೊಂದು ಬಸ್ಸು ಬರ್ತಿರುತ್ತೆ. ಅಪ್ಪ ಹೇಳೋ ಹಾಗೆ, ಕೆಲವೊಮ್ಮೆ ಎರಡು.