ಕಾಲಿಡಬಾರದ ದ್ವೀಪಗಳು

ಹೊಸೂರಿನಲ್ಲಿ ಅಂಗಡಿ ಇಟ್ಟುಕೊಂಡ ನನ್ನಂಥವನಿಗೆ ಪ್ರವಾಸವೆಂದರೆ ಒಂದೋ ತೀರ್ಥಕ್ಷೇತ್ರ, ಇಲ್ಲವೇ ನೆಂಟರ ಮದುವೆ. ಕಳೆದ ಮಾರ್ಚ್ ತಿಂಗಳಲ್ಲಿ ಮೊಮ್ಮಕ್ಕಳ ಹಟಕ್ಕೆ ಸೋತು ಒಂದು ಭಾನುವಾರ ಬಾಗಿಲು ಮುಚ್ಚಿ ರಂಗನತಿಟ್ಟಿಗೆ ಹೊರಟೆವು. ಕತ್ತಲಲ್ಲೇ ಊರು ಬಿಟ್ಟು, ಹೊತ್ತು ಹುಟ್ಟಿದ ಮೇಲೆ ರಾಮನಗರದ ಹತ್ತಿರ ಬುತ್ತಿ ಬಿಚ್ಚಿದೆವು.

ಶ್ರೀರಂಗಪಟ್ಟಣವೇ ಕಾವೇರಿಯ ನಡುವಿನ ದ್ವೀಪ. ಅಲ್ಲಿ ಆದಿನಾಥ ಬಸದಿಯ ದರ್ಶನ ಮಾಡಿ, ಕೋಟೆಯೊಳಗೆ ಒಂದು ಗಂಟೆ ನಡೆದಾಡಿದೆವು. ಅಲ್ಲಿಂದ ಮೂರ್ನಾಲ್ಕು ಕಿಲೋಮೀಟರಿಗೆ ಪಕ್ಷಿಧಾಮ. ದೋಣಿ ಹತ್ತಿದ ಕೂಡಲೇ ಚಿಕ್ಕ ಮೊಮ್ಮಗನ ಪ್ರಶ್ನೆ: "ತಾತ, ದ್ವೀಪದ ಮೇಲೆ ಯಾವಾಗ ಇಳಿಯೋದು?" ಅದಕ್ಕೆಂದೇ ಹೊಸ ಬೂಟು ಹಾಕಿಕೊಂಡು ಬಂದಿದ್ದ. ಇಲ್ಲಿ ಯಾರೂ ಇಳಿಯುವಂತಿಲ್ಲ ಎಂದ ಅಂಬಿಗ. ಹುಡುಗನ ಮುಖ ಸಪ್ಪಗಾಯಿತು. ಬಂಡೆಯೊಂದರ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ ಕಂಡಾಗ ಇಳಿಯುವ ಮಾತು ತಾನಾಗಿಯೇ ನಿಂತಿತು!

ಈ ತಿಟ್ಟುಗಳು ಹುಟ್ಟಿದ್ದು ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645–48ರ ಸುಮಾರಿಗೆ ಕಾವೇರಿಗೆ ಒಡ್ಡು ಕಟ್ಟಿದಾಗ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನಂತೆ ಮೈಸೂರು ಅರಸರು ಇದನ್ನು ಪಕ್ಷಿಧಾಮವೆಂದು ಸಾರಿದರು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಎಲ್ಲ ಸೇರಿಸಿದರೂ ಒಂದು ಚದರ ಕಿಲೋಮೀಟರ್ ಇಲ್ಲ. ಅಷ್ಟರಲ್ಲೇ ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಹೆಜ್ಜಾರ್ಲೆ, ನೀರುಕಾಗೆಗಳ ಸಂಸಾರ. ಮರಗಳಲ್ಲಿ ತಲೆಕೆಳಗಾದ ಬಾವಲಿಗಳು. ಸಂತೆಯ ಗದ್ದಲ, ವಾಸನೆಯೂ ಹಾಗೆಯೇ.

ನನ್ನ ಮನಸ್ಸು ನಿಂತದ್ದು ಮಾತ್ರ ಒಂದು ಬೋಳು ಬಂಡೆಯ ಹತ್ತಿರ. ಹಳದಿ ಕೊಕ್ಕಿನ ಹಕ್ಕಿಯೊಂದು ಕೂತಿತ್ತು. ರೀವ ಎಂದು ಹೆಸರು. ಗೂಡೆಂಬುದೇ ಇಲ್ಲ, ಕಲ್ಲಿನ ಮೇಲೆಯೇ ಎರಡು ಮೊಟ್ಟೆ. ನೀರಿನಿಂದ ಒಂದೂವರೆ ಗೇಣು ಎತ್ತರವಿದ್ದೀತು. "ಮೇಲಿಂದ ನೀರು ಬಿಟ್ಟರೆ?" ಎಂದು ಕೇಳಿದೆ. "ಹೋಯ್ತು ಸ್ವಾಮಿ" ಎಂದು ಅಂಬಿಗ ಹುಟ್ಟು ಹಾಕುತ್ತಲೇ ಇದ್ದ. ಮೇಲೆ ಎಂದರೆ ಕನ್ನಂಬಾಡಿ ಕಟ್ಟೆ. ಬೇಸಿಗೆಯಲ್ಲಿ ಹೊಳೆ ಸಣ್ಣಗಾದಾಗ ಬಂಡೆಗಳು ಮೇಲೇಳುತ್ತವೆ, ಅದನ್ನೇ ನಂಬಿ ಈ ಹಕ್ಕಿ ಮೊಟ್ಟೆ ಇಡುತ್ತದೆ. ಕಟ್ಟೆಯಿಂದ ಹೆಚ್ಚು ನೀರು ಬಂದ ದಿನ ಅದರ ಬಂಡವಾಳವೆಲ್ಲ ಮುಳುಗಿತು.

ನೀರು ಯಾರಿಗೆ? ಮಂಡ್ಯದ ಗದ್ದೆಗೆ, ಬೆಂಗಳೂರಿನ ಕೊಳಾಯಿಗೆ, ಕೆಳಗೆ ನಮ್ಮ ತಮಿಳುನಾಡಿಗೆ. ಇನ್ನೂ ಹತ್ತಿರಕ್ಕೆ ಬಂದರೆ ನಮ್ಮ ಮನೆಗೇ. ಜಪಾನಿನ ಸಾಲದಲ್ಲಿ ಕಟ್ಟಿ 2013ರಲ್ಲಿ ಆರಂಭವಾದ ಹೊಗೇನಕಲ್ ಯೋಜನೆಯಿಂದ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕಾವೇರಿ ನೀರು ಬರುತ್ತದೆ. ಅದಕ್ಕೆ ಮೊದಲು ನಮ್ಮ ಭಾಗದ ಹಲವು ಊರುಗಳಲ್ಲಿ ಫ್ಲೋರೈಡ್ ತುಂಬಿದ ಬೋರಿನ ನೀರೇ ಗತಿ, ಮಕ್ಕಳ ಹಲ್ಲುಗಳೆಲ್ಲ ಕಂದು. ಆದ್ದರಿಂದ ನೀರು ಬಿಡಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಬಿಡುವ ನೀರನ್ನು ಒಮ್ಮೆಲೇ ನುಗ್ಗಿಸದೆ, ಮೊಟ್ಟೆಯ ಆ ಎರಡು ಮೂರು ತಿಂಗಳಾದರೂ ಹದವಾಗಿ ಬಿಡಬಾರದೇ ಎಂದು ಮಾತ್ರ ಅನ್ನಿಸಿತು. ನಾವು ವ್ಯಾಪಾರಿಗಳೂ ಸರಕನ್ನು ಒಂದೇ ದಿನ ಪೇಟೆಗೆ ಸುರಿಯುವುದಿಲ್ಲವಷ್ಟೆ. ಮೊಮ್ಮಗ ಆ ಬಂಡೆಯನ್ನು ಕಣ್ಣಿಗೆ ಕಾಣುವವರೆಗೂ ತಿರುಗಿ ತಿರುಗಿ ನೋಡುತ್ತಿದ್ದ.

ಹೋಗುವ ಬಂಧುಗಳು ಜನವರಿಯಿಂದ ಮೇ ಒಳಗೆ, ಬೆಳಿಗ್ಗೆಯೇ ಹೋಗಿ. ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ನಿಲ್ಲಿಸುತ್ತಾರೆ. ದುರ್ಬೀನು ಇದ್ದರೆ ಒಯ್ಯಿರಿ. ಸಂಜೆಯ ಊಟವನ್ನು ಮದ್ದೂರಿನ ಹತ್ತಿರ ಹೊತ್ತು ಮುಳುಗುವ ಮುಂಚೆ ಮುಗಿಸಿಕೊಂಡರೆ ಬೆಂಗಳೂರಿನ ವಾಹನ ಸಂದಣಿಯಲ್ಲಿ ಎಷ್ಟು ತಡವಾದರೂ ಚಿಂತೆಯಿಲ್ಲ.