ಗೋಕಾಕದ ಘೇಂಡಾಮೃಗ

ಮ್ಯಾಮತ್ ಎಂದೊಡನೆ ಐದನೆಯ ತರಗತಿಯ ಮಗುವೂ ಚಿತ್ರ ಬರೆದು ತೋರಿಸುತ್ತದೆ. ಮೈತುಂಬ ಕೂದಲು, ಮೇಲಕ್ಕೆ ಬಾಗಿದ ಉದ್ದನೆಯ ದಂತ, ಸುತ್ತಲೂ ಸೈಬೀರಿಯದ ಹಿಮ. ಅದೇ ಮಗುವನ್ನು ‘ನಮ್ಮ ಕಡೆ ಸಾವಿರಾರು ವರ್ಷಗಳ ಹಿಂದೆ ಯಾವ ಪ್ರಾಣಿ ಇತ್ತು?’ ಎಂದು ಕೇಳಿ ನೋಡಿ. ಮಗು ತಾಯಿಯ ಮುಖ ನೋಡುತ್ತದೆ, ತಾಯಿ ತಂದೆಯ ಮುಖ ನೋಡುತ್ತಾಳೆ. ತಪ್ಪು ಅವರದಲ್ಲ. ಮಕ್ಕಳ ಕೈಗೆ ಸಿಗುವ ಪುಸ್ತಕಗಳಲ್ಲಿ ಪ್ರಾಚೀನ ಪ್ರಾಣಿಗಳೆಲ್ಲ ಬಹುಮಟ್ಟಿಗೆ ಪರದೇಶದವೇ.

ನಮ್ಮ ನಾಡಿನಲ್ಲಿ ಉಣ್ಣೆಯ ಮ್ಯಾಮತ್ ಇರಲಿಲ್ಲ, ನಿಜ. ಆದರೆ ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಘೇಂಡಾಮೃಗವಿತ್ತು! ಇದು ಕಟ್ಟುಕಥೆಯಲ್ಲ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದ. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ ಹೆಸರಾದವನು ಈತನೇ. ಮುಂದೆ ಉತ್ತರ ಕರ್ನಾಟಕದ ಕಲ್ಲುಮಣ್ಣುಗಳನ್ನು ಪರಿಶೀಲಿಸುತ್ತ ಗೋಕಾಕದ ಸೀಮೆಗೆ ಬಂದಾಗ ಘೇಂಡಾಮೃಗದ ದವಡೆ ಹಲ್ಲುಗಳ ಪಳೆಯುಳಿಕೆ ಸಿಕ್ಕವು. 1874ರಲ್ಲಿ ಅದರ ವಿವರ ಪ್ರಕಟಿಸಿ, ದಖ್ಖನ್ನಿನ ಹೆಸರನ್ನೇ ಸೇರಿಸಿ ‘ರೈನೋಸೆರಸ್ ಡೆಕ್ಕನೆನ್ಸಿಸ್’ ಎಂದು ಕರೆದ.

ಘೇಂಡಾಮೃಗಕ್ಕೆ ಹೊರಳಾಡಲು ಕೆಸರು ಬೇಕು, ಮೇಯಲು ಹಸಿರು ಬೇಕು, ವರ್ಷವಿಡೀ ನೀರು ಬೇಕು. ಅಂದಮೇಲೆ ಇಂದು ಎರೆಹೊಲಗಳಿರುವ ಆ ಸೀಮೆಯಲ್ಲಿ ಹಿಂದೊಮ್ಮೆ ಜೌಗು ನೆಲವೂ ಸಮೃದ್ಧ ಹುಲ್ಲೂ ಇದ್ದಿರಬೇಕು. ಮೂಳೆಯೊಂದು ಪ್ರಾಣಿಯ ಕಥೆಯನ್ನಷ್ಟೇ ಹೇಳುವುದಿಲ್ಲ, ಆ ಕಾಲದ ಮಳೆ ಬೆಳೆಯ ಲೆಕ್ಕವನ್ನೂ ಒಪ್ಪಿಸುತ್ತದೆ.

ಸತ್ತ ಪ್ರಾಣಿಗಳೆಲ್ಲ ಪಳೆಯುಳಿಕೆಯಾಗುವುದಿಲ್ಲವೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಬಯಲಲ್ಲಿ ಬಿದ್ದ ಹೆಣವನ್ನು ನರಿ ಹದ್ದುಗಳು ಮುಗಿಸುತ್ತವೆ. ಉಳಿದ ಮೂಳೆ ಬಿಸಿಲು ಮಳೆಗೆ ಪುಡಿಯಾಗುತ್ತದೆ. ನದಿಯ ಹೂಳಿನಲ್ಲೋ ಗವಿಯ ಮಣ್ಣಿನಲ್ಲೋ ಬೇಗನೆ ಹುಗಿದುಹೋದರೆ ಮಾತ್ರ ಉಳಿಗಾಲ. ಅಲ್ಲಿ ನೀರಿನಲ್ಲಿ ಕರಗಿದ ಖನಿಜಗಳು ಮೂಳೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಇಳಿದು ಗಟ್ಟಿಯಾಗಿ, ಕ್ರಮೇಣ ಅದನ್ನು ಕಲ್ಲಾಗಿಸುತ್ತವೆ. ದೇಹದಲ್ಲೆಲ್ಲ ಅತಿ ಗಟ್ಟಿಯಾದದ್ದು ಹಲ್ಲಿನ ಎನಾಮೆಲ್. ಆದ್ದರಿಂದ ಉಳಿದೆಲ್ಲ ಮಣ್ಣಾದರೂ ಹಲ್ಲು ಉಳಿಯುತ್ತದೆ. ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಉತ್ಖನನ ನಡೆಸಿದಾಗ, ಆದಿಮಾನವನ ಕಲ್ಲಿನ ಕೊಡಲಿಗಳ ಜೊತೆಗೆ ಸಸ್ಯಾಹಾರಿ ಪ್ರಾಣಿಗಳ ಹಲ್ಲುಗಳೂ ದೊರೆತವು. ಮಣ್ಣಿನ ಸಹಜ ವಿಕಿರಣದ ಗುರುತು ಎನಾಮೆಲ್ಲಿನಲ್ಲಿ ವರ್ಷದಿಂದ ವರ್ಷಕ್ಕೆ ಸಂಗ್ರಹವಾಗುತ್ತದೆ. ಅದನ್ನು ಅಳೆದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ!

ನೆರೆಯ ನರ್ಮದಾ ಕಣಿವೆಯದು ಇನ್ನೂ ದೊಡ್ಡ ಸಂಸಾರ. ಅಲ್ಲಿ ನೀರುಕುದುರೆಯಿತ್ತು, ಭಾರಿ ಕೊಂಬಿನ ಕಾಡೆತ್ತು ಇತ್ತು. ಭುಜದ ಎತ್ತರವೇ 4 ಮೀಟರ್ ಮೀರುತ್ತಿದ್ದ, ನೇರ ದಂತದ ಆನೆಯೂ ಇತ್ತು. ನಮ್ಮ ದಸರೆಯ ಆನೆಗಳು ಅದರ ಪಕ್ಕದಲ್ಲಿ ನಿಂತರೆ ಮರಿಗಳಂತೆ ಕಂಡಾವು. ಮಹಾರಾಷ್ಟ್ರದ ಪಾಟಣೆಯಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪುಗಳು ಸಿಕ್ಕಿವೆ. ಇವೆಲ್ಲ ನಮ್ಮ ನೆಲದಿಂದ ಕಣ್ಮರೆಯಾದವು.

ಹಾಗಾದರೆ ನಮ್ಮಲ್ಲೂ ಮ್ಯಾಮತ್ತಿನ ಕಥೆಯೇ ನಡೆಯಿತೇ? ಇಲ್ಲ. ಸ್ವಾರಸ್ಯ ಇರುವುದೇ ಇಲ್ಲಿ.

ಆಂಧ್ರಪ್ರದೇಶದ ಬೇತಂಚೆರ್ಲ ಬಳಿ ಬಿಲ್ಲಾಸುರ್ಗಂ ಎಂಬ ಗವಿಗಳಿವೆ. ಅದೇ ಫೂಟ್ ತನ್ನ ಮಗನೊಂದಿಗೆ 1884-85ರಲ್ಲಿ ಇವನ್ನು ಅಗೆಸಿದ. ಅಲ್ಲಿಯೂ ಘೇಂಡಾಮೃಗದ ಮೂಳೆ ಸಿಕ್ಕಿತು. ನೂರಕ್ಕೂ ಹೆಚ್ಚು ವರ್ಷಗಳ ನಂತರ ವಿಜ್ಞಾನಿಗಳು ಅದೇ ಗವಿಗಳಿಗೆ ಮರಳಿ, ಪದರ ಪದರವಾಗಿ ಮಣ್ಣು ತೆಗೆದು, ಕಳೆದ 2 ಲಕ್ಷ ವರ್ಷಗಳ ಸಸ್ತನಿಗಳ ಪಟ್ಟಿ ಮಾಡಿದರು. 2014ರಲ್ಲಿ ಪ್ರಕಟವಾದ ಅವರ ವರದಿಯಂತೆ, ಗುರುತಿಸಲಾದ 21 ಬಗೆಗಳಲ್ಲಿ 20 ಬಗೆಯ ಪ್ರಾಣಿಗಳು ಇಂದಿಗೂ ಉಳಿದುಕೊಂಡಿವೆ. ಯುರೋಪು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ದೈತ್ಯ ಪ್ರಾಣಿಗಳು ಸಾಲುಸಾಲಾಗಿ ಅಳಿದುಹೋದ ಕಾಲಾವಧಿಯಲ್ಲಿ ಭಾರತದಲ್ಲಿ ಅಳಿದವು ಕೆಲವೇ.

ಇದಕ್ಕೆ ಆ ವಿಜ್ಞಾನಿಗಳು ಕೊಡುವ ಕಾರಣ ಸರಳವಾಗಿದೆ. ನಮ್ಮದು ಒಂದೇ ಬಗೆಯ ನೆಲವಲ್ಲ. ಕಾಡು, ಕುರುಚಲು, ಹುಲ್ಲುಗಾವಲು, ಹೊಳೆದಂಡೆ, ಬೆಟ್ಟ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಮಳೆ ಕೈಕೊಟ್ಟಾಗ ಪ್ರಾಣಿಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದುಹೋಗಿ ಜೀವ ಉಳಿಸಿಕೊಂಡವು. ಮ್ಯಾಮತ್ತಿಗೆ ಆ ಅದೃಷ್ಟ ಕೊನೆಗೆ ಉಳಿಯಲಿಲ್ಲ. ಭೂಮಿ ಬೆಚ್ಚಗಾದಂತೆ ಅದರ ಶೀತಲ ಹುಲ್ಲುಗಾವಲು ಕುಗ್ಗಿತು. ಬೇಟೆಗಾರರ ಕಾಟ ಬೇರೆ. ಏರಿದ ಕಡಲಿನ ನಡುವೆ ರ‍್ಯಾಂಗಲ್ ದ್ವೀಪದಲ್ಲಿ ಸಿಕ್ಕಿಬಿದ್ದ ಕೆಲವೇ ನೂರು ಮ್ಯಾಮತ್‌ಗಳು ತಮ್ಮತಮ್ಮೊಳಗೇ ಸಂತಾನ ಬೆಳೆಸುತ್ತ, ಸುಮಾರು 4,000 ವರ್ಷಗಳ ಹಿಂದೆ ಕಥೆ ಮುಗಿಸಿದವು. ಈಜಿಪ್ಟಿನಲ್ಲಿ ಆಗಲೇ ಪಿರಮಿಡ್ಡುಗಳು ಎದ್ದಿದ್ದವು.

ಈಗ ನಾವು ಮಾಡುತ್ತಿರುವುದೇನು? ನಡೆಯುವ ದಾರಿಗಳನ್ನೇ ಕತ್ತರಿಸುತ್ತಿದ್ದೇವೆ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ. ಆನೆ ಹೊಲಕ್ಕೆ ನುಗ್ಗಿತೆಂದು ಬೈಯುತ್ತೇವೆ. ಬೆಳೆ ಕಳೆದುಕೊಂಡ ರೈತನ ಸಂಕಟ ಸುಳ್ಳಲ್ಲ. ಆದರೆ ಎಷ್ಟೋ ಕಡೆ ಆ ಹೊಲ, ರಸ್ತೆ, ಕಾಲುವೆಗಳಿರುವುದೇ ಆನೆಯ ಹಳೆಯ ದಾರಿಯಲ್ಲಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ ವಾಹನ ಸಂಚಾರ ನಿಷೇಧಿಸಿದಾಗ ಎದ್ದ ತಕರಾರು ಸಣ್ಣದಲ್ಲ. ಕಾಡಿಗೆ ಬೇಲಿ ಹಾಕಿ ಒಳಗೆ ಪ್ರಾಣಿ ಇಟ್ಟರೆ ಸಾಕೆಂದು ಭಾವಿಸುವವರಿದ್ದಾರೆ. ಸುತ್ತ ಕಡಲಿದ್ದರೂ ಒಂದೇ, ಸುತ್ತ ಬಡಾವಣೆಯಿದ್ದರೂ ಒಂದೇ. ಒಳಗಿರುವ ಪ್ರಾಣಿಗೆ ಅದು ದ್ವೀಪವೇ.

ಹಾಗೆಂದು ನಿರಾಶರಾಗಬೇಕಿಲ್ಲ. ಒಂಟಿ ಕೊಂಬಿನ ಘೇಂಡಾಮೃಗ ಅಸ್ಸಾಮಿನಲ್ಲಿ ಇನ್ನೇನು ಮುಗಿಯಿತು ಎನ್ನುವ ಸ್ಥಿತಿಯಲ್ಲಿದ್ದಾಗ, 1908ರಲ್ಲಿ ಕಾಜಿರಂಗವನ್ನು ಮೀಸಲು ಅರಣ್ಯವಾಗಿಸಿದರು. 2022ರ ಎಣಿಕೆಯಲ್ಲಿ ಅಲ್ಲಿದ್ದ ಘೇಂಡಾಮೃಗಗಳು 2,613. ಮನಸ್ಸು ಮಾಡಿದರೆ ಆಗುತ್ತದೆ.

ಕೊನೆಗೊಂದು ಮಾತು ಮಕ್ಕಳಿಗೆ. ಹೊಳೆಯ ದಂಡೆ ಕುಸಿದಲ್ಲಿ, ಮರಳು ಅಗೆದಲ್ಲಿ, ಬಾವಿ ತೋಡಿದಲ್ಲಿ ಮೂಳೆಯಂತೆ ಕಾಣುವ ಭಾರವಾದ ಕಲ್ಲು ಸಿಕ್ಕರೆ ಕಿತ್ತು ಮನೆಗೆ ತರಬೇಡಿ. ಯಾವ ಪದರದಲ್ಲಿತ್ತು, ಜೊತೆಗೆ ಏನಿತ್ತು ಎಂಬುದು ತಿಳಿಯದಿದ್ದರೆ ಆ ಮೂಳೆ ಅರ್ಧ ಮೂಕವಾಗುತ್ತದೆ. ಜಾಗ ಗುರುತು ಹಾಕಿಕೊಳ್ಳಿ, ಚಿತ್ರ ತೆಗೆಯಿರಿ, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ವಸ್ತುಸಂಗ್ರಹಾಲಯಕ್ಕೋ ತಿಳಿಸಿ. ಹೆತ್ತವರು ಇದನ್ನು ‘ಓದು ಬಿಟ್ಟು ಕಲ್ಲು ಆಯುವ ಹುಚ್ಚು’ ಎಂದು ಗದರದಿದ್ದರೆ ಸಾಕು. ಗೋಕಾಕದ ಘೇಂಡಾಮೃಗ ಬೆಳಕಿಗೆ ಬಂದದ್ದು ಅಂಥದೇ ಹುಚ್ಚಿನಿಂದ.