ಉಪ್ಪು ಮರೆತ ಬನ್ನುಗಳು

ಮಿಸ್ಸಮ್ಮನ ಮನೆ ನಮ್ಮ ಮನೆಯಿಂದ ಮೂರನೆಯದು. ಆಂಗ್ಲೋ-ಇಂಡಿಯನ್ ಕುಟುಂಬದವರು. ಬೆಂಗಳೂರು ಕಂಟೋನ್ಮೆಂಟಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನಮ್ಮ ಬೀದಿಯ ಎಲ್ಲ ಜಾತಿಯ ಮಕ್ಕಳಿಗೂ ಅವರು ಮಿಸ್ಸಮ್ಮನೇ. ಪ್ರತಿ ವರ್ಷ ಈಸ್ಟರ್ ಹಬ್ಬಕ್ಕೆ ಎರಡು ದಿನ ಮುಂಚೆ, ಗುಡ್ ಫ್ರೈಡೆಯ ದಿನ, ಅವರ ಮನೆಯಿಂದ ಬಿಳಿ ಬಟ್ಟೆ ಮುಚ್ಚಿದ ತಟ್ಟೆಯೊಂದು ನಮ್ಮ ಮನೆಗೆ ಬರುತ್ತಿತ್ತು. ಬಟ್ಟೆ ಸರಿಸಿದರೆ ಆರು ಹಾಟ್ ಕ್ರಾಸ್ ಬನ್ನು. ಚಕ್ಕೆ, ಲವಂಗ, ಜಾಯಿಕಾಯಿಯ ಘಮ. ಒಳಗೆ ಒಣದ್ರಾಕ್ಷಿ. ಕಂದು ಬಣ್ಣದ ನೆತ್ತಿಯ ಮೇಲೆ ಬಿಳಿಯ ಶಿಲುಬೆ.

2022ರ ಏಪ್ರಿಲ್ ಹೊತ್ತಿಗೆ ಅವರಿಗೆ ಎಂಬತ್ತು ದಾಟಿತ್ತು. ಬೆರಳ ಗಂಟುಗಳು ಊದಿಕೊಂಡು ಲೋಟ ಹಿಡಿಯುವುದೂ ಕಷ್ಟವಾಗಿತ್ತು. "ಈ ಸಲ ಹಿಟ್ಟು ನಾದುವುದು ನನ್ನಿಂದಾಗದು. ನೀನು ಮಾಡು. ನಾನು ಕುರ್ಚಿ ಹಾಕಿಕೊಂಡು ಹೇಳುತ್ತೇನೆ" ಎಂದರು. ನಾನು ಹೂಂ ಎಂದೆ. ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ. ಗುಡ್ ಫ್ರೈಡೆ ಬಂದಿದ್ದು ಏಪ್ರಿಲ್ 15ಕ್ಕೆ. ಅಂದು ನನಗೆ ರಮಝಾನಿನ ಹದಿಮೂರನೇ ರೋಜಾ. ಮಾಡುವವಳು ರುಚಿ ನೋಡುವಂತಿಲ್ಲ. ಮಾಡಿಸುವವರೂ ಅಂದು ಉಪವಾಸ. ಅರವತ್ತು ದಾಟಿದವರಿಗೆ ಅವರ ಚರ್ಚಿನಲ್ಲಿ ಉಪವಾಸ ಕಡ್ಡಾಯವಿಲ್ಲ, ಆದರೂ ಮಿಸ್ಸಮ್ಮ ಬಿಟ್ಟವರಲ್ಲ. ಮಧ್ಯಾಹ್ನ ಮೂರರ ಪ್ರಾರ್ಥನೆ ಮುಗಿಸಿ ಬರುವವರೆಗೆ ಏನೂ ಮುಟ್ಟುವುದಿಲ್ಲ.

ಆದರೆ ನನ್ನನ್ನು ಕಾಡಿದ್ದು ರುಚಿಯ ಚಿಂತೆಯಲ್ಲ. ಶಿಲುಬೆ.

ಇದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ. ಯಾಕೆಂದರೆ ಕೆಲವು ವರ್ಷಗಳ ಹಿಂದೆ ಇದೇ ಬನ್ನುಗಳ ಮೇಲೆ ನಾನೊಂದು ಕತೆ ಬರೆದಿದ್ದೆ. ಅದರಲ್ಲಿ ಮುಸ್ಲಿಂ ಹೆಂಗಸೊಬ್ಬಳು ಕ್ರೈಸ್ತ ಗೆಳತಿಗಾಗಿ ಬನ್ನಿನ ಮೇಲೆ ಶಿಲುಬೆ ಬರೆಯುತ್ತಾಳೆ, ಅವಳ ಕೈ ಒಂದಿಷ್ಟೂ ಅಳುಕುವುದಿಲ್ಲ. ಸೌಹಾರ್ದದ ಕತೆಯೆಂದು ಹಲವರು ಮೆಚ್ಚಿದರು. ನನ್ನ ಸರದಿ ಬಂದಾಗ ನನ್ನ ಕೈ ಅಳುಕಿತು. ಈಸಾ ಅಲೈಹಿಸ್ಸಲಾಮರನ್ನು ನಾವು ಪ್ರವಾದಿಯೆಂದು ನಂಬುತ್ತೇವೆ. ಅವರ ತಾಯಿ ಮರ್ಯಮರ ಹೆಸರಿನಲ್ಲಿ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ಆದರೆ ಶಿಲುಬೆಯ ಮರಣವನ್ನು ನಾವು ಒಪ್ಪುವುದಿಲ್ಲ. ಎರಡು ಧರ್ಮಗಳು ದಾರಿ ಅಗಲುವ ಜಾಗಗಳಲ್ಲಿ ಅದೂ ಒಂದು. ಬೇರೆಯವರು ಮಾಡಿ ಕೊಟ್ಟ ಬನ್ನು ತಿನ್ನುವುದು ಬೇರೆ, ರೋಜಾ ಇಟ್ಟು ನಾನೇ ಕೈಯಾರೆ ಆ ಗುರುತು ಎಳೆಯುವುದು ಬೇರೆ ಅನ್ನಿಸಿತು. ಕತೆಯಲ್ಲಿ ಪಾತ್ರದ ಕೈಯಿಂದ ಏನು ಬೇಕಾದರೂ ಮಾಡಿಸಬಹುದು.

ಕಾಲವೂ ಹಾಗಿತ್ತು. ಆ ಮಾರ್ಚ್‌ನಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಟ್ಟಿರಲಿಲ್ಲ. ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕೂಗು ಊರೂರಿಗೆ ಹಬ್ಬಿತ್ತು. ಯಾರ ಕೈಯ ಅನ್ನ ಯಾರು ತಿನ್ನಬೇಕು ಎಂಬುದು ಬೀದಿಯ ಮಾತಾಗಿತ್ತು. ಅಂಥ ದಿನಗಳಲ್ಲಿ ಒಬ್ಬ ಮುದುಕಿ ತನ್ನ ವರ್ಷದ ಅತ್ಯಂತ ಪವಿತ್ರ ದಿನದ ಆಹಾರವನ್ನು ನನ್ನ ಕೈಗೆ ಒಪ್ಪಿಸಿದ್ದರು. ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಒಂದು ಉಪಾಯ ಮಾಡಿಕೊಂಡೆ: ನಾದುವುದು, ಬೇಯಿಸುವುದು ನಾನು, ಶಿಲುಬೆ ಮಾತ್ರ ಮಿಸ್ಸಮ್ಮ ಎಳೆಯಲಿ.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಅವರ ಅಡುಗೆಮನೆಗೆ ಹೋದೆ. ಹನ್ನೆರಡು ಬನ್ನಿಗೆ ಅವರ ಲೆಕ್ಕ ಹೀಗೆ: ಅರ್ಧ ಕಿಲೋ ಮೈದಾ, 75 ಗ್ರಾಂ ಸಕ್ಕರೆ, 50 ಗ್ರಾಂ ಬೆಣ್ಣೆ, ಒಂದು ಮೊಟ್ಟೆ, ಕಾಲು ಲೀಟರ್ ಉಗುರು ಬೆಚ್ಚಗಿನ ಹಾಲು, 7 ಗ್ರಾಂ ಒಣ ಯೀಸ್ಟು. ಒಂದೂವರೆ ಚಮಚ ಮಸಾಲೆ ಪುಡಿ. ನೂರೈವತ್ತು ಗ್ರಾಂ ಒಣದ್ರಾಕ್ಷಿ ಮತ್ತು ಸಕ್ಕರೆ ಪಾಕದಲ್ಲಿ ಹಾಕಿದ ಕಿತ್ತಳೆ ಸಿಪ್ಪೆ. ದ್ರಾಕ್ಷಿ ನಮ್ಮ ವಿಜಯಪುರದ್ದು. ಕೆಲವರು ಅದನ್ನು ರಮ್ಮಿನಲ್ಲಿ ನೆನೆಸುತ್ತಾರೆ. ಮಿಸ್ಸಮ್ಮ ಹಿಂದಿನ ರಾತ್ರಿಯೇ ಕಡು ಚಹಾದಲ್ಲಿ ನೆನೆಸಿಟ್ಟಿದ್ದರು. "ನಿಮ್ಮ ಮನೆಗೆ ತಟ್ಟೆ ಕಳಿಸಲು ಶುರು ಮಾಡಿದಾಗಿನಿಂದ ಚಹಾನೇ" ಎಂದರು. ನಾಲ್ಕು ದಶಕಗಳ ಈ ಎಚ್ಚರ ನನಗೆ ಗೊತ್ತೇ ಇರಲಿಲ್ಲ.

"ಹಾಲು ಮುಟ್ಟಿ ನೋಡು. ಮಗುವಿಗೆ ಕುಡಿಸುವಷ್ಟು ಬಿಸಿ ಸಾಕು. ಹೆಚ್ಚಾದರೆ ಯೀಸ್ಟು ಸಾಯುತ್ತದೆ." "ಹತ್ತು ನಿಮಿಷ ನಾದು. ಹಿಟ್ಟು ಅಂಗೈ ಬಿಟ್ಟು ಬರಬೇಕು." ಅವರು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಚಕ್ಕೆಗೆ ಯೀಸ್ಟಿನ ಕೆಲಸ ನಿಧಾನಗೊಳಿಸುವ ಗುಣವಿದೆ, ಸಕ್ಕರೆಯೂ ಹಾಗೆಯೇ. ಅದಕ್ಕೆ ಈ ಹಿಟ್ಟು ಸಾದಾ ಬ್ರೆಡ್ಡಿನ ಹಿಟ್ಟಿಗಿಂತ ತಡವಾಗಿ ಉಬ್ಬುತ್ತದೆ, ಎರಡು ಗಂಟೆ ಬೇಕಾದೀತು ಎಂದರು. ಆದರೆ ಒಂದೇ ಗಂಟೆಯಲ್ಲಿ ಪಾತ್ರೆಯ ಅಂಚಿಗೆ ಬಂದಿತ್ತು. ಏಪ್ರಿಲ್ ಬಿಸಿಲಿನ ದಯೆ ಎಂದುಕೊಂಡೆವು.

ಹಿಟ್ಟು ಉಬ್ಬುವವರೆಗೆ ಮಿಸ್ಸಮ್ಮ ಪಾಠ ಮಾಡಿದರು. 1592ರಲ್ಲಿ, ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ, ಲಂಡನ್ನಿನ ಮಾರುಕಟ್ಟೆಯ ಅಧಿಕಾರಿ ಒಂದು ಆಜ್ಞೆ ಹೊರಡಿಸಿದನಂತೆ. ಮಸಾಲೆ ಹಾಕಿದ ಬನ್ನುಗಳನ್ನು ಶವಸಂಸ್ಕಾರ, ಗುಡ್ ಫ್ರೈಡೆ, ಕ್ರಿಸ್‌ಮಸ್‌ಗಳಲ್ಲಿ ಬಿಟ್ಟು ಬೇರೆ ದಿನ ಮಾರಬಾರದು. ಮಾರಿದರೆ ಕಿತ್ತುಕೊಂಡು ಬಡವರಿಗೆ ಹಂಚುವುದು. "ಪಾಪ, ಬಡವರಾದರೂ ತಿಂದರಲ್ಲ" ಎಂದು ನಕ್ಕರು. ನಾನೂ ನಕ್ಕೆ. ಯಾರು ಏನು ಮಾರಬೇಕು, ಯಾವಾಗ ಮಾರಬೇಕು ಎಂದು ಹೇಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅಂಗಡಿ ಮುಚ್ಚಿಸಬಹುದು, ಮನೆಯ ಒಲೆ ಆರಿಸುವುದು ಕಷ್ಟ.

ಉಂಡೆಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟು ಇನ್ನೊಮ್ಮೆ ಉಬ್ಬಲು ಬಿಟ್ಟೆವು. ಮೈದಾಕ್ಕೆ ನೀರು ಕಲಸಿ ಗಟ್ಟಿ ಸರಿ ಮಾಡಿ, ಬೆಣ್ಣೆ ಕಾಗದದ ಸುರುಳಿಯಲ್ಲಿ ತುಂಬಿ, ತುದಿ ಕತ್ತರಿಸಿ ಮಿಸ್ಸಮ್ಮನ ಕೈಗೆ ಕೊಟ್ಟೆ. ಅವರು ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮೊದಲ ಬನ್ನಿನ ಮೇಲೆ ಒತ್ತಿದರು. ಗೆರೆ ಬಳುಕಿ ಪಕ್ಕಕ್ಕೆ ಇಳಿಯಿತು. ಎರಡನೆಯದರ ಮೇಲೆ ಒತ್ತುವಾಗ ಸುರುಳಿಯೇ ಕೈಯಿಂದ ಜಾರಿತು. ಅದನ್ನು ಎತ್ತಿ ಮೇಜಿನ ಮೇಲಿಟ್ಟು, "ಬೇಡವಾದರೆ ಬಿಡು ಮಗಳೇ, ಶಿಲುಬೆ ಇಲ್ಲದೆಯೂ ಬನ್ನು ಬೇಯುತ್ತದೆ" ಎಂದರು.

ಆಗ ನನಗೆ ಅಬ್ಬಾ ನೆನಪಾದರು.

ಅಬ್ಬಾ ಕಂಟೋನ್ಮೆಂಟಿನ ಬೇಕರಿಯೊಂದರಲ್ಲಿ ಭಟ್ಟಿ ಕೆಲಸದವರು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೇನೆಯನ್ನು ಬೆಂಗಳೂರಿಗೆ ತಂದರು. ಆ ದಂಡಿನ ಜೊತೆ ಬೆಳೆದ ಬಡಾವಣೆಗಳಲ್ಲಿ ಮುಸ್ಲಿಮರ ಬೇಕರಿಗಳೂ ಬೆಳೆದವು. ರಮಝಾನಿಗೆ ಒಂದು ಬಗೆ, ಕ್ರಿಸ್‌ಮಸ್‌ಗೆ ಒಂದು ಬಗೆ. ಅಬ್ಬಾ ದುಡಿದ ಬೇಕರಿ ಈಗಿಲ್ಲ. ಗುಡ್ ಫ್ರೈಡೆ ಎಂದರೆ ಶುಕ್ರವಾರವೇ ತಾನೆ, ಜುಮಾ ತಪ್ಪಬಾರದೆಂದು ಕೆಲಸದವರು ಗುರುವಾರ ಇಡೀ ರಾತ್ರಿ ಭಟ್ಟಿಯ ಮುಂದೆ ನಿಲ್ಲುತ್ತಿದ್ದರು. ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ನಾನು ಅವರಿಗೆ ನಾಷ್ಟಾ ತೆಗೆದುಕೊಂಡು ಹೋಗಿದ್ದೆ. ಅಬ್ಬಾ ಬನ್ನುಗಳ ಮೇಲೆ ಬಗ್ಗಿ ಉದ್ದಕ್ಕೆ ಒಂದೇ ಗೆರೆ ಎಳೆಯುತ್ತಿದ್ದರು, ಇಡೀ ಸಾಲಿಗೆ ಒಂದು. ಆಮೇಲೆ ಅಡ್ಡಕ್ಕೆ. "ಅಬ್ಬಾ, ಇದನ್ನು ನೀವು ಮಾಡಬಹುದಾ?" ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ. "ಮಾತಾಡಿಸಬೇಡ, ಗೆರೆ ಸೊಟ್ಟಗಾಗುತ್ತದೆ. ಹಬ್ಬ ಅವರದು" ಎಂದರು. ಅಷ್ಟೇ. ಕೆಲಸ ಮುಗಿಸಿ ಕೈ ತೊಳೆದು, ಸ್ನಾನ ಮಾಡಿ, ಬಿಳಿ ಪೈಜಾಮ ತೊಟ್ಟು ಮಸೀದಿಗೆ ಹೋದರು. ಅವರಿಗೆ ತಮ್ಮ ನಂಬಿಕೆಯ ಬಗ್ಗೆ ಅನುಮಾನವಿರಲಿಲ್ಲ. ಆದ್ದರಿಂದಲೇ ಇರಬೇಕು, ಇನ್ನೊಬ್ಬರ ನಂಬಿಕೆಯ ಗೆರೆಯನ್ನು ಸೊಟ್ಟಗೆ ಎಳೆಯುವುದು ಅವರಿಗೆ ಆಗದ ಮಾತಾಗಿತ್ತು.

ಇದೇ ಸರಿ ಎಂದು ನಾನು ಯಾರಿಗೂ ಉಪದೇಶಿಸಲಾರೆ. ಮಾಡಲಾರೆ ಎನ್ನುವವರ ಅಳುಕೂ ನನಗೆ ಅರ್ಥವಾಗುತ್ತದೆ, ಅಂದು ಅದು ನನ್ನದೂ ಆಗಿತ್ತು. ಕುರ್‌ಆನಿನ ಐದನೇ ಅಧ್ಯಾಯ ಅಲ್ ಮಾಇದಾ. ಈಸಾರ ಸಂಗಡಿಗರು ಆಕಾಶದಿಂದ ಇಳಿದು ಬರಲೆಂದು ಕೇಳಿದ ಊಟದ ಹರಿವಾಣದಿಂದ ಅದಕ್ಕೆ ಆ ಹೆಸರು. ಗ್ರಂಥದವರ ಆಹಾರ ನಮಗೂ ನಮ್ಮ ಆಹಾರ ಅವರಿಗೂ ಸಲ್ಲುತ್ತದೆ ಎಂದು ತಿಳಿಸುವುದೂ ಅದೇ ಅಧ್ಯಾಯ. ನನಗೆ ಅಂದು ಅಷ್ಟು ಸಾಕಾಯಿತು. ಸುರುಳಿ ಎತ್ತಿಕೊಂಡು ಅಬ್ಬಾನ ಹಾಗೆ ಸಾಲಿಗೊಂದು ಗೆರೆ ಎಳೆದೆ. ಮಿಸ್ಸಮ್ಮನ ಬಳುಕಿದ ಗೆರೆಯನ್ನು ಹಾಗೆಯೇ ಬಿಟ್ಟೆ.

ಇನ್ನೂರು ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ. ಬಿಸಿ ಇರುವಾಗಲೇ ಮೇಲೆ ಸಕ್ಕರೆ ಪಾಕ ಸವರಿದೆವು. ಮನೆಯೆಲ್ಲ ಘಮಘಮ. ಉಪವಾಸವಿದ್ದ ಇಬ್ಬರು ಹೆಂಗಸರು ಹನ್ನೆರಡು ಬನ್ನುಗಳ ಮುಂದೆ ಕೈಕಟ್ಟಿ ಕೂತಿದ್ದೆವು. ಆಮೇಲೆ ಅವರು ಚರ್ಚಿಗೆ ಹೊರಟರು, ನಾನು ಆರು ಬನ್ನು ಹೊತ್ತು ಮನೆಗೆ ಬಂದೆ.

ಸಂಜೆ ಖರ್ಜೂರ ತಿಂದು ನೀರು ಕುಡಿದು, ಬನ್ನು ಮುರಿದು ಬಾಯಿಗಿಟ್ಟೆ. ಸಪ್ಪೆ! ಉಪ್ಪೇ ಹಾಕಿರಲಿಲ್ಲ. ಹಿಟ್ಟು ಅಷ್ಟು ಬೇಗ ಉಬ್ಬಿದ್ದು ಯಾಕೆಂದು ಆಗ ತಿಳಿಯಿತು. ಯೀಸ್ಟಿನ ಅವಸರಕ್ಕೆ ಕಡಿವಾಣ ಹಾಕುವುದು ಉಪ್ಪು. ಮಗ್ರಿಬ್ ನಮಾಜು ಮುಗಿಸಿ ಓಡಿದೆ. ಮಿಸ್ಸಮ್ಮನ ತಟ್ಟೆಯಲ್ಲಿ ನಾಲ್ಕೇ ಬನ್ನು ಉಳಿದಿದ್ದವು.

"ಉಪ್ಪು ಹಾಕಿಲ್ಲ ಮಿಸ್ಸಮ್ಮ."

"ಗೊತ್ತು. ಹಾಕು ಎಂದು ನಾನೂ ಹೇಳಲಿಲ್ಲವಲ್ಲ. ಬೆಣ್ಣೆ ಹಚ್ಚಿಕೊಂಡೆ, ಉಪ್ಪಿನ ಬೆಣ್ಣೆ." ಒಂದು ಬನ್ನನ್ನು ಬೆಳಕಿಗೆ ಹಿಡಿದರು. "ಗೆರೆ ಮಾತ್ರ ನಿಮ್ಮ ಅಬ್ಬಾನದೇ."

ಶಿಲುಬೆಯ ಚಿಂತೆಯಲ್ಲಿ ಮುಳುಗಿದ್ದವಳು ಉಪ್ಪು ಮರೆತಿದ್ದೆ. ಆ ವರ್ಷ ನಾವೆಲ್ಲ ಹಾಗೆಯೇ ಇದ್ದೆವೇನೋ.

2023ರಲ್ಲೂ 2024ರಲ್ಲೂ ಗುಡ್ ಫ್ರೈಡೆ ರಮಝಾನಿನೊಳಗೇ ಬಂತು. ಎರಡೂ ವರ್ಷ ಮೊದಲು ಉಪ್ಪು ಅಳೆದಿಟ್ಟು ಆಮೇಲೆ ಉಳಿದದ್ದಕ್ಕೆ ಕೈ ಹಾಕಿದೆ. 2025ರಲ್ಲಿ ಅದು ಏಪ್ರಿಲ್ 18ಕ್ಕೆ ಬಿತ್ತು. ಈದ್ ಮುಗಿದು ಎರಡು ವಾರ ದಾಟಿತ್ತು. ನನಗೆ ರೋಜಾ ಇರಲಿಲ್ಲ. ಬನ್ನು ಓವನ್ನಿನಿಂದ ಇಳಿದಾಗ ಮಿಸ್ಸಮ್ಮ, "ಈ ಸಲವಾದರೂ ಬಿಸಿಬಿಸಿ ತಿನ್ನು" ಎಂದರು. ಅವರಿನ್ನೂ ಚರ್ಚಿಗೆ ಹೋಗಿರಲಿಲ್ಲ. ಬಟ್ಟೆ ಮುಚ್ಚಿಟ್ಟೆ. ಅವರು ಬರಲಿ, ಕೂಡಿ ತಿಂದರಾಯಿತು.